ಶಿಷ್ಯರ ಲೆಕ್ಕ, ಗುರುವಿನ ಲೆಕ್ಕ
1919ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಕಾಗದದ ಉದ್ಯಮಿ ಹೊರೇಸ್ ಮೋಸೆಸ್ ಮೊದಲಾದವರ ಉತ್ಸಾಹದಿಂದ ಉದಿಸಿದ ಜೂನಿಯರ್ ಅಚೀವ್‌ಮೆಂಟ್ ಸಂಸ್ಥೆಯು, ಹದಿಹರೆಯದವರು ತಾವೇ ಪುಟ್ಟ ಕಂಪನಿಯೊಂದನ್ನು ಕಟ್ಟಿ, ಷೇರುಗಳನ್ನು ಮಾರಿ, ಸರಕನ್ನು ತಯಾರಿಸಿ, ವರ್ಷಾಂತ್ಯದಲ್ಲಿ ಅದನ್ನು ವಿಸರ್ಜಿಸಿ ಷೇರುದಾರರಿಗೆ ಲಾಭನಷ್ಟಗಳ ವರದಿಯನ್ನೊಪ್ಪಿಸುವ ಕ್ರಮದಿಂದ ಅರ್ಥಶಿಕ್ಷಣವನ್ನು ನೀಡುತ್ತ ಬಂದಿತು. ಶಿಷ್ಯರಿಗೆ ವಿಧಿಸಿದ ಈ ವ್ರತವು ಗುರುವಿಗೂ ತಪ್ಪಿದ್ದಲ್ಲ: ತೆರಿಗೆಯ ವಿನಾಯಿತಿಯನ್ನನುಭವಿಸುವ ಇಂಥ ದತ್ತಿಸಂಸ್ಥೆಯು ಅಲ್ಲಿ ಪ್ರತಿವರ್ಷವೂ 990ನೆಯ ನಮೂನೆಯನ್ನು ತುಂಬಿ, ಆದಾಯವೆಷ್ಟು, ವೆಚ್ಚವೆಷ್ಟು, ಮುಖ್ಯಾಧಿಕಾರಿಗಳ ಸಂಬಳವೆಷ್ಟು ಎಂಬುದನ್ನು ಸರ್ಕಾರಕ್ಕೆ ನಿವೇದಿಸುವುದಲ್ಲದೆ, ಇತ್ತೀಚಿನ 3 ವರ್ಷಗಳ ನಮೂನೆಗಳನ್ನು ಕೇಳಿದ ಯಾರಿಗಾದರೂ ತೋರಿಸತಕ್ಕದ್ದು. ಸಂಬಳದ ಅಂಕಿಯನ್ನು ಕಂಡು ಹುಬ್ಬೇರಿಸುವುದು ಸುಲಭ. ಆದರೆ ನಿಜವಾದ ಚಾತುರ್ಯಕ್ಕೆ ಎಡೆಯಿರುವುದು ವೆಚ್ಚವನ್ನು ಕಾರ್ಯಕ್ರಮ, ಆಡಳಿತ, ನಿಧಿಸಂಗ್ರಹವೆಂದು ಮೂರಾಗಿ ವಿಂಗಡಿಸುವಲ್ಲಿ. ಒಂದೇ ಕರಪತ್ರವು ಅರ್ಧ ಬೋಧನೆ, ಅರ್ಧ ಯಾಚನೆಯಾಗಿದ್ದರೆ ಅದರ ಅಚ್ಚಿನ ಖರ್ಚು ಯಾರ ಪಾಲಿನದು? ಆದಕಾರಣ ಕಾರ್ಯಕ್ರಮಕ್ಕೆ ಶೇಕಡಾ ಇಷ್ಟೆಂಬ ಒಂದೇ ಅಂಕಿಗೆ ತಲೆದೂಗುವ ದಾನಿಗಿಂತ, ಲೆಕ್ಕಪರಿಶೋಧಕರ ಟಿಪ್ಪಣಿಗಳನ್ನು ತಾಳ್ಮೆಯಿಂದೋದುವ ದಾನಿಯಲ್ಲೇ ನನಗೆ ಹೆಚ್ಚು ವಿಶ್ವಾಸ. ಇನ್ನು ಈ ಸಂಸ್ಥೆಯ ಜೀವಾಳವೇ ಆದ, ಉದ್ಯಮಗಳಿಂದ ತರಗತಿಗೆ ಬಂದು ಪಾಠ ಹೇಳುವ ಸ್ವಯಂಸೇವಕರ ವೇಳೆಯಾದರೋ, ಆ ನಮೂನೆಯ ಆದಾಯದಲ್ಲಿ ಎಣಿಕೆಗೇ ಬಾರದು.