ತುಮಕೂರಿನ ತರುಣರೂ ಯಂತ್ರಮಾನವ ವಿದ್ಯೆಯೂ

ತುಮಕೂರು ಜಿಲ್ಲೆಗೆ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಬಂದಿಳಿದಷ್ಟು ಯಂತ್ರಸಾಮಗ್ರಿಯು ಹಿಂದೆಂದೂ ಬಂದಿರಲಿಲ್ಲ. ಆ ಯಂತ್ರಗಳ ಬಳಿಗೆ ಜಿಲ್ಲೆಯ ತರುಣರು ಹೋಗುವ ದಾರಿ ಮಾತ್ರ ಇನ್ನೂ ಸುಗಮವಾಗಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು ತನ್ನ 2022ರ ಪಠ್ಯಕ್ರಮದಲ್ಲಿ, ಅಂತಿಮ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಯು 14ರಿಂದ 20 ವಾರಗಳ ಕಾಲ ಕೈಗಾರಿಕೆಯಲ್ಲಾಗಲಿ ಸಂಶೋಧನಾಲಯದಲ್ಲಾಗಲಿ ಇಂಟರ್ನ್‌ಶಿಪ್ ಎಂಬ ಉದ್ಯೋಗಾಭ್ಯಾಸವನ್ನು ಮಾಡತಕ್ಕದ್ದೆಂದು ವಿಧಿಸಿತು. ವಿಧಿಸಿದುದು ಯುಕ್ತವೇ ಸರಿ. ಆದರೆ ಅಭ್ಯಾಸಕ್ಕೆ ಸ್ಥಳವನ್ನು ದೊರಕಿಸಿಕೊಡುವ ಹೊಣೆ ಯಾರದು? ವಿಶ್ವವಿದ್ಯಾನಿಲಯವು ಕಾಲೇಜನ್ನು ತೋರಿಸುತ್ತದೆ. ಕಾಲೇಜು ವಿದ್ಯಾರ್ಥಿಯ ಕೈಗೊಂದು ಶಿಫಾರಸು ಪತ್ರವನ್ನು ಕೊಟ್ಟು ಹರಸಿ ಕಳುಹಿಸುತ್ತದೆ. ಕಾರ್ಖಾನೆಯ ಕಾವಲುಗಾರನು ಆ ಪತ್ರವನ್ನು ಬಾಗಿಲಲ್ಲೇ ಇಸಿದುಕೊಂಡು ಇರಿಸಿಕೊಳ್ಳುತ್ತಾನೆ. ಅದಕ್ಕೆ ಉತ್ತರ ಬರುವುದು ಅಪರೂಪ.

ಎಲ್ಲ ಶಾಖೆಗಳ ವಿದ್ಯಾರ್ಥಿಗಳಿಗೂ ಈ ಪಾಡು ಉಂಟು. ಯಂತ್ರಮಾನವ ವಿದ್ಯೆಯನ್ನು, ಎಂದರೆ ರೋಬೋಟಿಕ್ಸನ್ನು, ಆರಿಸಿಕೊಂಡವರ ಪಾಡು ಇನ್ನೂ ಕಠಿಣವಾದುದು. ಗಣಕದ ಮುಂದೆ ಕುಳಿತು ಮಾಡುವ ಕೆಲಸವನ್ನು ಮನೆಯಲ್ಲಿದ್ದೂ ಮಾಡಬಹುದು. ಲಕ್ಷಾಂತರ ರೂಪಾಯಿ ಬೆಲೆಯ ಯಂತ್ರದ ತೋಳನ್ನು ಮನೆಯಲ್ಲಿ ಇಟ್ಟುಕೊಳ್ಳಲು ಗುಬ್ಬಿಯ ರೈತನ ಮಗನಿಗಾಗಲಿ ಕುಣಿಗಲಿನ ಅಂಗಡಿಕಾರನ ಮಗಳಿಗಾಗಲಿ ಸಾಧ್ಯವಿಲ್ಲವಷ್ಟೆ. ಯಂತ್ರವಿರುವ ಕಡೆಗೆ ಅವರೇ ಹೋಗಬೇಕು. ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹಿಡಿದು, ಸಂಬಳವಿಲ್ಲದೆ ನಾಲ್ಕು ತಿಂಗಳು ಇರುವ ಶಕ್ತಿ ಎಷ್ಟು ಮನೆಗಳಿಗುಂಟೆಂಬುದನ್ನು ಬಲ್ಲವರು ಬಲ್ಲರು.

ಈ ಇಕ್ಕಟ್ಟನ್ನೇ ಬಂಡವಾಳ ಮಾಡಿಕೊಂಡು ಒಂದು ಹೊಸ ವ್ಯಾಪಾರ ಹುಟ್ಟಿಕೊಂಡಿದೆ. ಕೆಲವು ಸಾವಿರ ರೂಪಾಯಿಗಳನ್ನು ತೆತ್ತರೆ ಉದ್ಯೋಗಾಭ್ಯಾಸ ಮುಗಿಸಿದುದಾಗಿ ಮುದ್ರೆಯೊತ್ತಿದ ಪ್ರಮಾಣಪತ್ರ ದೊರೆಯುತ್ತದೆ. ಕೆಲವು ಕಡೆ ನಾಮಮಾತ್ರಕ್ಕೆ ನಾಲ್ಕು ಉಪನ್ಯಾಸಗಳಾಗುತ್ತವೆ. ಕೆಲವು ಕಡೆ ಅದೂ ಇಲ್ಲ. ಕಲಿಯಲು ಹೊರಟವನೇ ಹಣ ಕೊಡಬೇಕು, ಕಲಿತುದು ಶೂನ್ಯ. ಪತ್ರವನ್ನು ಕೊಳ್ಳುವ ವಿದ್ಯಾರ್ಥಿಯನ್ನು ನಿಂದಿಸಲು ನಮಗೆ ಮನಸ್ಸಾಗುವುದಿಲ್ಲ. ಬೇರೆ ಬಾಗಿಲುಗಳು ಮುಚ್ಚಿರುವಾಗ ಪದವಿಯನ್ನು ಕಳೆದುಕೊಳ್ಳದಿರಲು ಆತನು ಹಾಗೆ ಮಾಡುತ್ತಾನೆ. ಅಂಥ ಪತ್ರಗಳನ್ನು ಕಣ್ಣುಮುಚ್ಚಿ ಅಂಗೀಕರಿಸಿ ಅಂಕ ಕೊಡುವ ವಿದ್ಯಾಸಂಸ್ಥೆಗಳನ್ನು ಮಾತ್ರ ನಾವು ಕ್ಷಮಿಸಲಾರೆವು.

ರೋಬೋಟ್ ಎಂಬ ಶಬ್ದ ಹುಟ್ಟಿದುದು ಕಾರ್ಖಾನೆಯಲ್ಲಲ್ಲ, ರಂಗಭೂಮಿಯಲ್ಲಿ. ಚೆಕ್ ನಾಡಿನ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕವೊಂದರಿಂದ ಅದು ಲೋಕಕ್ಕೆಲ್ಲ ಹರಡಿತು. 1884ರಿಂದ ನಾಟಕ ಕಂಪನಿಯನ್ನು ಕಂಡ ಗುಬ್ಬಿಯವರಿಗೆ ಇದೇನೂ ಸೋಜಿಗವಾಗಲಾರದು. ಆ ಭಾಷೆಯಲ್ಲಿ ಅದರ ಮೂಲಾರ್ಥ, ಜಮೀನ್ದಾರನಿಗೆ ಮಾಡಬೇಕಾಗಿದ್ದ ಬಿಟ್ಟಿ ಚಾಕರಿ. ನಮ್ಮ ಹಿರಿಯರ ಕಾಲದಲ್ಲಿ ಸರ್ಕಾರಿ ಕಚೇರಿಗಳಲ್ಲಿ ಉಮೇದುವಾರಿ ಎಂಬುದೊಂದಿತ್ತು. ಎಂದಾದರೊಂದು ದಿನ ಕೆಲಸ ಸಿಕ್ಕೀತೆಂಬ ಆಸೆಯಿಂದ ತರುಣನು ಸಂಬಳವಿಲ್ಲದೆ ವರ್ಷಗಟ್ಟಲೆ ಕಡತ ಹೊತ್ತು ನಕಲು ಬರೆಯುತ್ತಿದ್ದನು. ಇಂದಿನ ಉಮೇದುವಾರನು ಅವನಿಗಿಂತಲೂ ಒಂದು ಮೆಟ್ಟಿಲು ಕೆಳಗಿದ್ದಾನೆಂದೇ ಹೇಳಬೇಕು. ಹಳೆಯ ಉಮೇದುವಾರನಿಗೆ ಕಡತವಾದರೂ ನೋಡಸಿಗುತ್ತಿತ್ತು.

ಜಿಲ್ಲೆಯಲ್ಲಿ ಏನೇನಿದೆಯೆಂಬುದನ್ನು ಕೊಂಚ ನೋಡೋಣ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಗಳ ವಿಸ್ತಾರದಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್‌ನವರ ಹೆಲಿಕಾಪ್ಟರ್ ಕಾರ್ಖಾನೆ ನಿಂತಿದೆ. 2016ರ ಜನವರಿಯಲ್ಲಿ ಅದಕ್ಕೆ ಅಡಿಗಲ್ಲಾಯಿತು. 2023ರ ಫೆಬ್ರವರಿ 6ರಂದು ಪ್ರಧಾನಮಂತ್ರಿಗಳು ಅದನ್ನು ರಾಷ್ಟ್ರಕ್ಕೆ ಸಮರ್ಪಿಸಿದರು. ಮೊದಲಿಗೆ ವರ್ಷಕ್ಕೆ ಸುಮಾರು 30 ಲಘು ಹೆಲಿಕಾಪ್ಟರುಗಳನ್ನು ತಯಾರಿಸಿ, ಮುಂದೆ 60ಕ್ಕೆ, ಅನಂತರ 90ಕ್ಕೆ ಏರಿಸುವುದು ಅಲ್ಲಿನ ಸಂಕಲ್ಪ. ಸುತ್ತಲಿನ ಸುಮಾರು ಆರು ಸಾವಿರ ಜನಕ್ಕೆ ನೇರವಾಗಿಯೂ ಪರೋಕ್ಷವಾಗಿಯೂ ಉದ್ಯೋಗ ದೊರೆಯುವುದೆಂದು ಆಗ ಹೇಳಲಾಯಿತು. ಅದೇ ದಿನ ತುಮಕೂರಿನ ಕೈಗಾರಿಕಾ ನಗರಕ್ಕೆ ಶಂಕುಸ್ಥಾಪನೆಯೂ ನಡೆಯಿತು. ಚೆನ್ನೈ–ಬೆಂಗಳೂರು ಕೈಗಾರಿಕಾ ಪಥಕ್ಕೆ ಸೇರಿದ ಆ ಯೋಜನೆಯ ವಿಸ್ತಾರ 8,484 ಎಕರೆ. ವಸಂತನರಸಾಪುರದಲ್ಲಿ ಯಂತ್ರೋಪಕರಣಗಳ ತಯಾರಿಕೆಗೆಂದೇ ಪ್ರತ್ಯೇಕ ಉದ್ಯಾನವಿದೆ. ತುಮಕೂರು ನಗರದ ಅಂಚಿಗೆ ಅಂತರಸನಹಳ್ಳಿ, ಸತ್ಯಮಂಗಲ, ಹಿರೇಹಳ್ಳಿಗಳ ಹಳೆಯ ಕೈಗಾರಿಕಾ ವಲಯಗಳಿವೆ. ಕುಣಿಗಲಿಗೆ ಅಂಚೇಪಾಳ್ಯದ ವಲಯವಿದೆ, ಮಂಗಳೂರು ಹೆದ್ದಾರಿಯಿದೆ, 2017ರಿಂದ ರೈಲೂ ಇದೆ. ವಿದ್ಯಾಲಯಗಳಿಗೂ ಕೊರತೆಯಿಲ್ಲ: ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವು 1963ರಿಂದಲೂ, ಸಿದ್ಧಾರ್ಥ ತಾಂತ್ರಿಕ ವಿದ್ಯಾಲಯವು 1979ರಿಂದಲೂ, ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ವಿದ್ಯಾಲಯವು 2001ರಿಂದಲೂ ನಡೆದುಬಂದಿವೆ.

ಒಂದು ಕಡೆ ಕಾರ್ಖಾನೆ, ಇನ್ನೊಂದು ಕಡೆ ಕಾಲೇಜು, ನಡುವೆ ಹೆಚ್ಚೆಂದರೆ ಒಂದು ಗಂಟೆಯ ಬಸ್ಸಿನ ದಾರಿ. ಆದರೂ ವಿದ್ಯಾರ್ಥಿಯು ಪ್ರಮಾಣಪತ್ರವನ್ನು ಕೊಳ್ಳಬೇಕಾಗಿ ಬಂದುದು ಸಾಮಾನ್ಯ ವಿಪರ್ಯಾಸವಲ್ಲ.

ಇದರಲ್ಲಿ ತರುಣರ ತಪ್ಪು ಕಲ್ಪನೆಯ ಪಾಲೂ ಸ್ವಲ್ಪ ಇದೆಯೆಂಬುದನ್ನು ನಾವು ಮರೆಮಾಚುವುದಿಲ್ಲ. ಯಂತ್ರಮಾನವನೆಂದೊಡನೆ ಅವರ ಕಣ್ಣಿಗೆ ಕಟ್ಟುವುದು ಕೈಕಾಲುಗಳುಳ್ಳ ಬೊಂಬೆ. 2020ರಲ್ಲಿ ಇಸ್ರೋದವರು ಬೆಂಗಳೂರಿನಲ್ಲಿ ಪ್ರದರ್ಶಿಸಿದ ವ್ಯೋಮಮಿತ್ರೆಯಂಥದು. ಅಂಥದನ್ನು ನಿರ್ಮಿಸುವ ಸಂಸ್ಥೆಗಳು ಬೆರಳೆಣಿಕೆಯವು. ಅಲ್ಲಿಗೆ ಅರ್ಜಿ ಹಾಕುವವರು ಅಸಂಖ್ಯಾತರು. ಕಾರ್ಖಾನೆಗಳಲ್ಲಿ ನಿಜವಾಗಿ ದುಡಿಯುವ ರೋಬೋಟ್ ಎಂದರೆ ನೆಲಕ್ಕೆ ಬಿಗಿದ ಒಂದು ತೋಳು. ಅದಕ್ಕೆ ಸಾಮಾನ್ಯವಾಗಿ ಆರು ಕೀಲುಗಳು. ಒಂದೊಂದು ಕೀಲಿಗೂ ಒಂದು ಮೋಟಾರು, ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಗೇರು, ಎಷ್ಟು ತಿರುಗಿತೆಂದು ಅಳೆಯುವ ಸಾಧನ. ಬೆಸುಗೆ ಹಾಕುವುದು, ಬಣ್ಣ ಹೊಡೆಯುವುದು, ಪೆಟ್ಟಿಗೆಗಳನ್ನು ಪೇರಿಸುವುದು, ಸಿಎನ್‌ಸಿ ಯಂತ್ರಕ್ಕೆ ಲೋಹದ ತುಂಡನ್ನು ಉಣಿಸಿ ತೆಗೆಯುವುದು ಅದರ ಕಸುಬು. ಅದಕ್ಕೆ ಪಾಠ ಹೇಳುವುದು ಕೈಯಲ್ಲಿ ಹಿಡಿಯುವ ಟೀಚ್ ಪೆಂಡೆಂಟ್ ಎಂಬ ಹಲಗೆಯಿಂದ. ಸುತ್ತಲಿನ ಪಟ್ಟೆ, ಬಾಗಿಲು, ಒತ್ತುಗುಂಡಿಗಳೊಡನೆ ಅದನ್ನು ಹೊಂದಿಸುವುದು ಪಿಎಲ್‌ಸಿ ಎಂಬ ನಿಯಂತ್ರಕದಿಂದ.

ಈ ಕೆಲಸದ ಬಹುಭಾಗ ತೋಳಿನೊಳಗಿಲ್ಲ, ತೋಳಿನ ಹೊರಗಿದೆ. ವಸ್ತುವನ್ನು ಹಿಡಿಯುವ ಗ್ರಿಪ್ಪರನ್ನು ವಿನ್ಯಾಸ ಮಾಡುವುದು, ಅದು ಪ್ರತಿಸಲವೂ ಅದೇ ಜಾಗದಲ್ಲಿ ಕೂರುವಂತೆ ಫಿಕ್ಸ್‌ಚರ್ ಮಾಡುವುದು, ಸೆನ್ಸರು ಸುಳ್ಳು ಹೇಳುತ್ತಿದೆಯೇ ತಂತಿ ಸಡಿಲವಾಗಿದೆಯೇ ಎಂದು ಪತ್ತೆ ಹಚ್ಚುವುದು, ಕೆಲಸಗಾರನ ಮೈಗೆ ಅಪಾಯವಾಗದಂತೆ ಬೇಲಿಯನ್ನೂ ಬೀಗವನ್ನೂ ಅಳವಡಿಸುವುದು, ಇವುಗಳನ್ನು ಬಲ್ಲವನೇ ರೋಬೋಟನ್ನು ದುಡಿಸಬಲ್ಲವನು. ಇವನ್ನು ಕಲಿಯಲು ದೊಡ್ಡ ಹೆಸರಿನ ಕಂಪನಿಯೇ ಬೇಕೆಂದಿಲ್ಲ. ಅಂತರಸನಹಳ್ಳಿಯ ಸಣ್ಣ ಸಿಎನ್‌ಸಿ ಶೆಡ್ಡಿನಲ್ಲಿ ಎರಡು ತಿಂಗಳು ನಿಂತು ಫಿಕ್ಸ್‌ಚರ್ ಕಟ್ಟಿದ ವಿದ್ಯಾರ್ಥಿಯು, ಪರದೆಯ ಮೇಲೆ ಹತ್ತು ರೋಬೋಟುಗಳನ್ನು ಕುಣಿಸಿದವನಿಗಿಂತ ಆ ಶೆಡ್ಡಿನ ಯಜಮಾನನಿಗೆ ಹೆಚ್ಚು ಬೇಕಾದವನಾಗುತ್ತಾನೆ. ಆದುದರಿಂದ ಅರ್ಜಿಯಲ್ಲಿ ರೋಬೋಟಿಕ್ಸ್ ಎಂಬ ಹೆಸರನ್ನೇ ಹಿಡಿದು ಕೂರದೆ, ನಿಮ್ಮಲ್ಲಿ ದಿನವೂ ಕೆಡುವ ಯಂತ್ರ ಯಾವುದು, ಕೈಯಿಂದ ಮಾಡಿಸುತ್ತಿರುವ ಬೇಸರದ ಕೆಲಸ ಯಾವುದು, ಅದನ್ನು ನೋಡಿಕೊಳ್ಳಲು ನನಗೆ ಅವಕಾಶ ಕೊಡಿ ಎಂದು ಕೇಳುವುದು ಲೇಸು. ಸರ್ಕಾರವು ಟಾಟಾ ಟೆಕ್ನಾಲಜೀಸ್‌ನವರ ಸಹಯೋಗದಲ್ಲಿ ರಾಜ್ಯದ 150 ಐಟಿಐಗಳನ್ನು ಆಧುನೀಕರಿಸಿ 2022ರ ಜೂನ್‌ನಲ್ಲಿ ಉದ್ಘಾಟನೆ ಮಾಡಿಸಿತು; ಕೈಗಾರಿಕಾ ರೋಬೋಟಿನ ಶಿಕ್ಷಣ ಆ ಯೋಜನೆಯ ಒಂದು ಅಂಗ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳವರು ಐಟಿಐನ ಮೆಟ್ಟಿಲು ಹತ್ತಲು ನಾಚದಿದ್ದರೆ ಅಲ್ಲಿನ ಯಂತ್ರಗಳನ್ನು ಬಿಡುವಿನ ವೇಳೆಯಲ್ಲಿ ತಮ್ಮವರಿಗೂ ಕೇಳಿ ಪಡೆಯಬಹುದು. ತುಮಕೂರು ರಸ್ತೆಯಲ್ಲೇ, ಯಶವಂತಪುರದ ಬಳಿ, 1962ರಲ್ಲಿ ಸ್ಥಾಪಿತವಾದ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯಿದೆ. ಭಾರತೀಯ ವಿಜ್ಞಾನ ಮಂದಿರದ ಆಶ್ರಯದಲ್ಲಿ ಆರ್ಟ್‌ಪಾರ್ಕ್ ಇದೆ. ಸಂಶೋಧನೆಯ ಒಲವುಳ್ಳವರಿಗೆ ಇವು ತಕ್ಕ ಸ್ಥಳಗಳು.

ಇನ್ನು ಕಾನೂನಿನ ಮಾತು. ಓದು ಮುಗಿಸಿದವರನ್ನು ಶಿಶಿಕ್ಷುಗಳಾಗಿ ತೆಗೆದುಕೊಳ್ಳುವ ವಿಷಯದಲ್ಲಿ ನಮ್ಮ ದೇಶದಲ್ಲಿ 1961ರಿಂದಲೂ ಒಂದು ಅಧಿನಿಯಮವಿದೆ. 2019ರಲ್ಲಿ ತಿದ್ದಲ್ಪಟ್ಟ ಅದರ ನಿಯಮಗಳಂತೆ, 30 ಅಥವಾ ಹೆಚ್ಚು ಜನರಿರುವ ಪ್ರತಿಯೊಂದು ಉದ್ಯಮವೂ ತನ್ನ ಸಿಬ್ಬಂದಿಯ ನೂರಕ್ಕೆ ಎರಡೂವರೆಯಿಂದ ಹದಿನೈದರಷ್ಟು ಶಿಶಿಕ್ಷುಗಳನ್ನು ಇರಿಸಿಕೊಳ್ಳಲೇಬೇಕು. ಗುತ್ತಿಗೆಯ ಆಳುಗಳೂ ಈ ಲೆಕ್ಕಕ್ಕೆ ಸೇರುತ್ತಾರೆ. ಇನ್ನೂರು ಜನರ ಕಾರ್ಖಾನೆಯಾದರೆ ಕನಿಷ್ಠ ಐವರು, ಗರಿಷ್ಠ ಮೂವತ್ತು ಮಂದಿ. ಪದವೀಧರನಿಗೆ ತಿಂಗಳಿಗೆ 9,000 ರೂಪಾಯಿ, ಡಿಪ್ಲೊಮಾ ಪಡೆದವನಿಗೆ 8,000 ರೂಪಾಯಿ ಕನಿಷ್ಠ ಭತ್ಯವೆಂದು ಅದೇ ವರ್ಷ ಗೊತ್ತುಮಾಡಲಾಯಿತು. ಆದರೆ ಓದುತ್ತಿರುವಾಗಲೇ ನಾಲ್ಕು ತಿಂಗಳಿಗೆ ಬರುವ ಇಂಟರ್ನ್‌ಗೆ ಇಂಥ ರಕ್ಷಣೆ ಯಾವುದೂ ಇಲ್ಲ. 2024ರಲ್ಲಿ ಕೇಂದ್ರ ಸರ್ಕಾರವು ಐದು ವರ್ಷಗಳಲ್ಲಿ ಒಂದು ಕೋಟಿ ತರುಣರಿಗೆಂದು ಸಾರಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯು ತಿಂಗಳಿಗೆ 5,000 ರೂಪಾಯಿಯ ಆಶ್ವಾಸನೆಯನ್ನೇನೋ ಕೊಟ್ಟಿತು. ಪೂರ್ಣಕಾಲ ವ್ಯಾಸಂಗದಲ್ಲಿರುವವರನ್ನು ಅದು ಪ್ರಾರಂಭದಲ್ಲಿಯೇ ಹೊರಗಿರಿಸಿತು. ಬಾಯಾರಿದವನಿಗೆ ಬಾವಿ ತೋರಿಸಿ ಹಗ್ಗ ಕೊಡದಂತಾಯಿತು.

2024ರ ಜುಲೈಯಲ್ಲಿ ರಾಜ್ಯ ಸರ್ಕಾರದ ಮಂತ್ರಿಮಂಡಲವು, ಖಾಸಗಿ ಉದ್ಯಮಗಳಲ್ಲಿ ಆಡಳಿತ ಸ್ಥಾನಗಳ ನೂರಕ್ಕೆ 50ನ್ನೂ ಉಳಿದವುಗಳ 70ನ್ನೂ ಸ್ಥಳೀಯರಿಗೆ ಮೀಸಲಿಡುವ ಮಸೂದೆಯನ್ನು ಒಪ್ಪಿತು. ಉದ್ಯಮಿಗಳ ಕೂಗೆದ್ದ ಎರಡು ದಿನಗಳಲ್ಲಿಯೇ ಅದನ್ನು ತಡೆಹಿಡಿಯಿತು. ಕನ್ನಡಿಗರಿಗೆ ಕನ್ನಡನಾಡಿನ ಉದ್ಯೋಗದಲ್ಲಿ ಮೊದಲ ಹಕ್ಕಿದೆಯೆಂಬುದು ನಮ್ಮ ದೃಢಾಭಿಪ್ರಾಯ. ಆದರೆ ಆ ಹಕ್ಕನ್ನು ಸ್ಥಾಪಿಸಲು ಹೊರಟವರು ಕೆಲಸದ ಬಾಗಿಲಲ್ಲಿ ನಿಂತು ಕೂಗಿದರೇ ಹೊರತು ಕಲಿಕೆಯ ಬಾಗಿಲನ್ನು ಯಾರೂ ತಟ್ಟಿ ನೋಡಲಿಲ್ಲ. ನಮ್ಮವರಿಗೆ ಕುಶಲತೆ ಸಾಲದೆಂದು ಅಂದು ಆಕ್ಷೇಪಿಸಿದ ಉದ್ಯಮಿಗಳನ್ನು, ಹಾಗಾದರೆ ನಿಮ್ಮಲ್ಲಿ ಈ ವರ್ಷ ಎಷ್ಟು ಮಂದಿ ನಮ್ಮ ಹುಡುಗರಿಗೆ ಕಲಿಸಿದಿರಿ ಎಂದು ಕೇಳಲು ಹೊಸ ಮಸೂದೆ ಬೇಕಿರಲಿಲ್ಲ. 1961ರ ಅಧಿನಿಯಮವೇ ಸಾಕಾಗಿತ್ತು.

ಕಾರ್ಖಾನೆಯವರ ಪಕ್ಷದಲ್ಲಿಯೂ ಹುರುಳಿಲ್ಲದೆ ಇಲ್ಲ. ಪಳಗದ ಹುಡುಗನು ತಪ್ಪು ಗುಂಡಿಯೊತ್ತಿದರೆ ಯಂತ್ರ ಕೆಡುವುದು, ಪ್ರಾಣಾಪಾಯವೂ ಆದೀತು; ಕಲಿಸಲು ನಿಂತ ಮೇಸ್ತ್ರಿಯ ಅರ್ಧ ದಿನ ಹೋಗುವುದು; ರಕ್ಷಣಾ ಇಲಾಖೆಯ ಕೆಲಸ ನಡೆಯುವಲ್ಲಿ ಗುಟ್ಟು ಕಾಯಬೇಕಾಗುವುದು. ಆದರೆ ಬಿದರೆಹಳ್ಳ ಕಾವಲಿನಂಥ ಕಡೆ ಗುಟ್ಟಿನ ಅಂಗಳವನ್ನು ಬಿಟ್ಟು ಹೊರಗೆ ನಡೆಯುವ ಕೆಲಸಗಳೂ ಉಂಟು. ಬಿಡಿಭಾಗ ಒದಗಿಸುವ ಸಣ್ಣ ಉದ್ಯಮಗಳಂತೂ ಉಂಟೇ ಉಂಟು. ಅಪಾಯದ ಮಾತಿಗೆ, ಕಾಲೇಜಿನಲ್ಲಿಯೇ ಎರಡು ವಾರ ಸುರಕ್ಷತೆಯ ಪಾಠ ಹೇಳಿ ಪರೀಕ್ಷಿಸಿ ಕಳುಹಿಸುವುದೇ ತಕ್ಕ ಉತ್ತರ. ಅಂತರರಾಷ್ಟ್ರೀಯ ರೋಬೋಟಿಕ್ಸ್ ಒಕ್ಕೂಟದ ಲೆಕ್ಕದಂತೆ 2023ರಲ್ಲಿ ಭಾರತದ ಕಾರ್ಖಾನೆಗಳಲ್ಲಿ 8,510 ಹೊಸ ರೋಬೋಟುಗಳು ಸ್ಥಾಪಿತವಾದವು. ಹಿಂದಿನ ವರ್ಷಕ್ಕಿಂತ ನೂರಕ್ಕೆ 59ರಷ್ಟು ಏರಿಕೆ. ಚೀನದಲ್ಲಿ ಅದೇ ವರ್ಷ 2,76,000ಕ್ಕೂ ಮೇಲ್ಪಟ್ಟು. ಈ ಏರಿಕೆ ನಿಲ್ಲುವಂಥದಲ್ಲ. ಅವುಗಳನ್ನು ರಿಪೇರಿ ಮಾಡಲು ಪ್ರತಿಸಲವೂ ಪರಸ್ಥಳದಿಂದ ಆಳನ್ನು ಕರೆಸುವುದು ವಸಂತನರಸಾಪುರದವರಿಗೆ ಲಾಭವೋ, ಇಪ್ಪತ್ತು ಮೈಲಿಯೊಳಗಿನ ಹುಡುಗಿಯೊಬ್ಬಳಿಗೆ ಕಲಿಸಿ ಇಟ್ಟುಕೊಳ್ಳುವುದು ಲಾಭವೋ, ಅವರೇ ಎಣಿಸಿ ನೋಡಲಿ.

ತುಮಕೂರಿಗೆ ಈ ವಿಷಯದಲ್ಲಿ ಒಂದು ಕಹಿ ನೆನಪೂ ಇದೆ. 1978ರಲ್ಲಿ ಇಲ್ಲಿ ಎಚ್ಎಂಟಿ ಗಡಿಯಾರ ಕಾರ್ಖಾನೆ ಬಂದಿತು. ಕೂದಲೆಳೆಯಷ್ಟು ಸೂಕ್ಷ್ಮದ ಕೆಲಸವನ್ನು ಬಲ್ಲ ಕೈಗಳು ಈ ಊರಿನಲ್ಲಿ ತಯಾರಾದವು. 2016ರಲ್ಲಿ ಕೇಂದ್ರ ಮಂತ್ರಿಮಂಡಲವು ಎಚ್ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆಯಿತ್ತಿತು. ಇಲ್ಲಿನ ನೆಲವು ಅನಂತರ ಇಸ್ರೋಗೆ ಸೇರಿತು. ಕಟ್ಟಡ ಕೈಬದಲಾಯಿತು, ನೆಲ ಕೈಬದಲಾಯಿತು. ಆ ಕೈಗಳ ವಿದ್ಯೆಯನ್ನು ಮುಂದಿನವರ ಕೈಗೆ ದಾಟಿಸುವ ಏರ್ಪಾಡು ಮಾತ್ರ ಆಗಲಿಲ್ಲ. ಅವರಲ್ಲಿ ಹಲವರು ಈ ಊರಿನಲ್ಲಿಯೇ ನಿವೃತ್ತರಾಗಿದ್ದಾರೆ. ಕಾಲೇಜುಗಳು ವಾರಕ್ಕೆರಡು ದಿನ ಅವರನ್ನು ಕಾರ್ಯಾಗಾರಕ್ಕೆ ಕರೆದರೆ ಬಾರದಿರಲಾರರು.

ಸರ್ಕಾರದವರಿಂದ ನಾವು ಹೊಸ ಯೋಜನೆಯನ್ನಾಗಲಿ ಹೊಸ ಸಮಿತಿಯನ್ನಾಗಲಿ ಬೇಡುವುದಿಲ್ಲ. ಜಿಲ್ಲಾಧಿಕಾರಿಗಳು ಒಂದು ಪಟ್ಟಿಯನ್ನು ಮಾಡಿಸಲಿ: ತುಮಕೂರು, ಗುಬ್ಬಿ, ಕುಣಿಗಲು ತಾಲ್ಲೂಕುಗಳಲ್ಲಿ 30 ಜನರಿಗೆ ಮೇಲ್ಪಟ್ಟ ಕಾರ್ಖಾನೆಗಳು ಯಾವುವು, ಕಾನೂನಿನಂತೆ ಅವು ಎಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳಬೇಕು, ತೆಗೆದುಕೊಂಡಿರುವುದೆಷ್ಟು, ಅವರಲ್ಲಿ ಜಿಲ್ಲೆಯವರೆಷ್ಟು. ಅದರ ಪಕ್ಕದಲ್ಲಿ, ಈ ವರ್ಷ ಎಷ್ಟು ಇಂಟರ್ನ್‌ಗಳಿಗೆ ಜಾಗ ಕೊಡುವಿರಿ, ಊಟಕ್ಕೂ ಬಸ್ಸಿಗೂ ಏನು ಕೊಡುವಿರಿ ಎಂಬ ಎರಡು ಪ್ರಶ್ನೆಗಳನ್ನು ಕೇಳಿ ಉತ್ತರ ಬರೆಯಿಸಲಿ. ಭೂಮಿಯನ್ನೂ ನೀರನ್ನೂ ವಿದ್ಯುತ್ತನ್ನೂ ಸರ್ಕಾರದಿಂದ ಪಡೆದವರು ಈ ಉತ್ತರವನ್ನು ಕೊಡಲಾರೆವೆಂದು ಹೇಳಲಾರರು. ಕಾಲೇಜುಗಳು ತಮ್ಮ ಕಡೆಯಿಂದ, ಪ್ರಮಾಣಪತ್ರವನ್ನು ಕೊಟ್ಟ ಸಂಸ್ಥೆಗೆ ಅಧ್ಯಾಪಕರೊಬ್ಬರು ಒಮ್ಮೆಯಾದರೂ ಹೋಗಿ ನೋಡಿ ಬಂದ ಹೊರತು ಅಂಕ ಕೊಡುವುದಿಲ್ಲವೆಂದು ಗೊತ್ತುಮಾಡಲಿ. ಪಟ್ಟಿಯು ಕನ್ನಡದಲ್ಲಿರಲಿ, ಕಾಲೇಜಿನ ಸೂಚನಾಫಲಕದಲ್ಲಿಯೂ ಗುಬ್ಬಿ, ಕುಣಿಗಲುಗಳ ತಾಲ್ಲೂಕು ಕಚೇರಿಗಳಲ್ಲಿಯೂ ತೂಗಿಬಿಡಲಿ. ಬರುವ ಸಾಲಿನ ಅಂತಿಮ ವರ್ಷದವರು ಶಿಫಾರಸು ಪತ್ರಗಳನ್ನು ಹಿಡಿದು ಹೊರಡುವುದಕ್ಕೆ ಮೊದಲೇ ಇದು ಆಗಬೇಕು.