ಸೀಸದ ಗುಂಡು ಮತ್ತು ಹಿನ್ನೀರಿನ ಅತಿಥಿಗಳು

ಆಯುಧಗಳ ಕಾಯಿದೆಯೆಂದೊಡನೆ ಬಾಗಲಕೋಟೆ ಸೀಮೆಯವರಿಗೆ ಹಲಗಲಿಯ ನೆನಪಾಗುವುದು ಸಹಜ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಹೇರಿದಾಗ ಅಲ್ಲಿಯ ಬೇಡರು ಆಯುಧಗಳನ್ನು ಒಪ್ಪಿಸದೆ ಹೋರಾಡಿದರು. ಹಲವರು ಪ್ರಾಣವನ್ನೇ ತೆತ್ತರು. ಆ ಕಾಯಿದೆ ಪ್ರಜೆಗಳನ್ನು ನಿರ್ಬಲಗೊಳಿಸಲು ಬಂದದ್ದು. ಅದನ್ನು ಧಿಕ್ಕರಿಸಿದ್ದು ನ್ಯಾಯವೇ. ಆದರೆ ಎಲ್ಲ ನಿಯಂತ್ರಣವೂ ಅಂಥದಲ್ಲ. ಕೋವಿಯನ್ನು ಕಸಿದುಕೊಳ್ಳದೆ ಅದರೊಳಗಿನ ಸೀಸವನ್ನು ಮಾತ್ರ ಹದ್ದಿನಲ್ಲಿಡುವ ನಿಯಮವೊಂದು ಇಂದು ಅವಶ್ಯವಾಗಿದೆ.

ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಒಂದು ಭಾಗ ಮುಳುಗಿತು. ಜನರು ಮನೆಮಠ ಕಳೆದುಕೊಂಡ ಆ ನೀರಿನ ಅಂಚಿಗೆ ಇಂದು ರಾಜಹಂಸಗಳೂ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳೂ ಬಂದಿಳಿಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯಿಂದ ಇವುಗಳನ್ನು ಕಾಪಾಡುತ್ತದೆ. ಆದರೆ ಬೇಟೆ ನಿಂತಮಾತ್ರಕ್ಕೆ ಸೀಸದ ಭಯ ನೀಗದು.

ಸೈಪ್ರಸ್ ದ್ವೀಪದ ಲಾರ್ನಕದಲ್ಲಿ ಉಪ್ಪುನೀರಿನ ಸರೋವರವೊಂದಿದೆ. ಅದರ ದಡದಲ್ಲಿ ಹಿಂದೆ ಗುರಿಯಿಟ್ಟು ಹೊಡೆಯುವ ಕ್ರೀಡೆಯ ಮೈದಾನವಿತ್ತು. ಅದನ್ನು ಮುಚ್ಚಿ ಎಷ್ಟೋ ವರ್ಷಗಳು ಕಳೆದ ಮೇಲೆ ಅಲ್ಲಿ ಹತ್ತಾರು ರಾಜಹಂಸಗಳು ಸತ್ತವು. ಕೆಸರಿನಲ್ಲಿ ಉಳಿದಿದ್ದ ಸೀಸದ ಚರೆಯೇ ಅದಕ್ಕೆ ಕಾರಣ. ಮೇವನ್ನು ಅರೆಯಲೆಂದು ಸಣ್ಣ ಹರಳುಗಳನ್ನು ನುಂಗುವುದು ಹಕ್ಕಿಗಳ ಸ್ವಭಾವ. ಸಾಸಿವೆಕಾಳಿನಷ್ಟಿರುವ ಚರೆಗೂ ಹರಳಿಗೂ ಅವು ಭೇದವನ್ನರಿಯವು. ಹೊಟ್ಟೆಯಲ್ಲಿ ಸವೆದ ಸೀಸ ರಕ್ತವನ್ನು ಸೇರಿ ನರಗಳನ್ನು ಕೆಡಿಸುತ್ತದೆ.

ಹಾಗಾದರೆ ಈ ಕ್ರೀಡೆಯೇ ಬೇಡವೆ? ಹಾಗಲ್ಲ. ಒಲಿಂಪಿಕ್ಸ್‌ನಲ್ಲಿ 2004ರಲ್ಲಿ ರಾಜ್ಯವರ್ಧನ ಸಿಂಗ್ ರಾಠೋಡರು ಬೆಳ್ಳಿಯನ್ನೂ 2008ರಲ್ಲಿ ಅಭಿನವ್ ಬಿಂದ್ರಾ ಅವರು ಚಿನ್ನವನ್ನೂ ಗೆದ್ದುತಂದ ಈ ಕ್ರೀಡೆ ಏಕಾಗ್ರತೆಯ ಸಾಧನೆ. ಉಕ್ಕಿನ ಚರೆ ಹಗುರ, ಬೇಗ ವೇಗ ಕಳೆದುಕೊಳ್ಳುತ್ತದೆ, ಹಳೆಯ ಕೋವಿಯ ನಳಿಗೆಗೆ ಒಗ್ಗದು ಎಂಬ ಆಕ್ಷೇಪವೂ ಸುಳ್ಳಲ್ಲ. ಗಾಳಿಕೋವಿಯ ಗುಂಡು ಫಲಕದ ಹಿಂದೆಯೇ ಸಿಕ್ಕಿಬೀಳುವುದರಿಂದ ಅದನ್ನು ಕೂಡಿಹಾಕುವುದು ಸುಲಭ. ಹಾರುವ ತಟ್ಟೆಗಳಿಗೆ ಹೊಡೆಯುವ ಚರೆಯಾದರೋ ಬಯಲೆಲ್ಲ ಚೆದುರುತ್ತದೆ. ಒಂದು ತೋಟಾದಲ್ಲಿ ಸುಮಾರು 24 ಗ್ರಾಂ ಚರೆ. 125 ತಟ್ಟೆಗಳ ಸ್ಪರ್ಧೆಯಲ್ಲಿ ತಟ್ಟೆಗೊಂದೇ ಹೊಡೆತವೆಂದರೂ ಒಬ್ಬ ಸ್ಪರ್ಧಿಯಿಂದ 3 ಕಿಲೋಗ್ರಾಂ ಸೀಸ ನೆಲಕ್ಕೆ ಬೀಳುತ್ತದೆ.

ಅಮೆರಿಕವು 1991ರಲ್ಲಿ ನೀರುಹಕ್ಕಿಗಳ ಬೇಟೆಯಲ್ಲಿಯೂ ಐರೋಪ್ಯ ಒಕ್ಕೂಟವು 2023ರಲ್ಲಿ ಜೌಗುನೆಲಗಳಲ್ಲಿಯೂ ಸೀಸದ ಚರೆಯನ್ನು ನಿಷೇಧಿಸಿದವು. ನಾವೂ 2000ದಲ್ಲಿ ಪೆಟ್ರೋಲಿನಿಂದ ಸೀಸವನ್ನು ತೆಗೆದೆವು. ಅದರಿಂದ ವಾಹನಗಳೇನೂ ನಿಲ್ಲಲಿಲ್ಲ. ಕೆರೆ, ಹೊಳೆ, ಹಿನ್ನೀರುಗಳ ಬಳಿ ಚರೆ ಹಾರಿಸುವ ಮೈದಾನಕ್ಕೆ ಅನುಮತಿ ಸಲ್ಲದು. ಬೇರೆಡೆ ಬಿದ್ದ ಸೀಸವನ್ನು ಕಾಲಕಾಲಕ್ಕೆ ಆಯ್ದು ತೆಗೆಯಬೇಕು. ಸಾಧ್ಯವಿದ್ದಲ್ಲಿ ಉಕ್ಕನ್ನು ರೂಢಿಗೆ ತರಬೇಕು. ನಷ್ಟವಾದ ಮೇಲೆ ಕೆಸರನ್ನು ಸೋಸುವುದಕ್ಕಿಂತ ಮೊದಲೇ ನಿಯಮ ಮಾಡುವುದು ವಿವೇಕ.

ಬಾದಾಮಿ, ಹುನಗುಂದ, ಇಳಕಲ್ಲಿನ ಹುಡುಗ ಹುಡುಗಿಯರು ನಾಳೆ ಕೋವಿ ಹಿಡಿದು ಗುರಿಯಿಡಲಿ, ಪದಕಗಳನ್ನು ತರಲಿ. ಆ ಗೆಲುವಿನ ಬೆಲೆಯನ್ನು ಕೃಷ್ಣೆಯ ದಡದ ಮೂಕ ಹಕ್ಕಿಗಳು ತೆರುವಂತಾಗಬಾರದು.