ವಿಚಾರಿಸುವುದು ಬೇರೆ, ವಶೀಲಿ ಬೇರೆ

ಖಾಸಗಿ ಶಾಲೆಗೆ ಅರ್ಜಿ ಹಾಕಿದ ಪಾಲಕರನ್ನು ಎರಡು ಭಯಗಳು ಕಾಡುತ್ತವೆ. ಸುಮ್ಮನಿದ್ದರೆ ಶಾಲೆಯವರು ಮಗುವಿನ ಅರ್ಜಿಯನ್ನು ಮರೆತೇಬಿಟ್ಟಾರು ಎಂಬುದು ಒಂದು. ಹೋಗಿ ಕೇಳಿದರೆ ‘ತಲೆನೋವಿನ ಗಿರಾಕಿ’ ಎಂದು ಗುರುತು ಹಾಕಿಕೊಂಡಾರು ಎಂಬುದು ಇನ್ನೊಂದು. ಮೊದಲ ಭಯದವರು ದಿನ ಬಿಟ್ಟು ದಿನ ಫೋನ್ ಮಾಡುತ್ತಾರೆ, ಪರಿಚಯದ ದೊಡ್ಡವರಿಂದ ಶಿಫಾರಸು ಪತ್ರ ತರುತ್ತಾರೆ. ಎರಡನೆಯ ಭಯದವರು ಕೇಳಲೇಬೇಕಾದದ್ದನ್ನೂ ಕೇಳದೆ, ತೋರಿಸಿದ ಜಾಗದಲ್ಲಿ ರುಜು ಹಾಕಿ ಹಣ ಕಟ್ಟಿ ಬರುತ್ತಾರೆ. ಇಬ್ಬರಿಗೂ ನಷ್ಟವೇ.

ಹಾಗಾದರೆ ಅರ್ಜಿ ಹಾಕುವ ಹೊತ್ತಿನಲ್ಲಿ ಶಾಲೆಯ ಕಚೇರಿಯನ್ನು ಸಂಪರ್ಕಿಸಬೇಕೇ? ಖಂಡಿತ ಸಂಪರ್ಕಿಸಬೇಕು. ಆದರೆ ಅದು ತಿಳಿದುಕೊಳ್ಳುವುದಕ್ಕಾಗಿರಬೇಕು, ಒತ್ತಡ ಹೇರುವುದಕ್ಕಲ್ಲ. ಕೌಂಟರಿನ ಹಿಂದೆ ಕುಳಿತ ಗುಮಾಸ್ತರಿಗೆ ಸೀಟುಗಳನ್ನು ಹೆಚ್ಚಿಸುವ ಅಧಿಕಾರವಿಲ್ಲ. ಇಡ್ಲಿ ಬೆಂದಿದೆಯೇ ಎಂದು ಗಳಿಗೆಗೊಮ್ಮೆ ಮುಚ್ಚಳ ತೆಗೆದರೆ ಆವಿ ಹೊರಗೆ ಹೋಗಿ ಇನ್ನಷ್ಟು ತಡವಾಗುತ್ತದೆಯೇ ಹೊರತು ಬೇಗ ಬೇಯುವುದಿಲ್ಲ. ಆಯ್ಕೆಯ ಪಟ್ಟಿ ಎಂದು ಪ್ರಕಟವಾಗುತ್ತದೆ ಎಂದು ಒಮ್ಮೆ ಕೇಳಿ ಬರೆದುಕೊಂಡರೆ, ಆ ದಿನದವರೆಗೆ ಮತ್ತೆ ಕೇಳುವ ಪ್ರಮೇಯ ಬರುವುದಿಲ್ಲ.

ಕೇಳಲೇಬೇಕಾದ ಪ್ರಶ್ನೆಗಳಲ್ಲಿ ಮೊದಲನೆಯದು ವಯಸ್ಸು. 1ನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿ, ಅದನ್ನು 2025-26ರಿಂದ ಜಾರಿ ಮಾಡುವುದಾಗಿ ಹೇಳಿತು. ಅಷ್ಟರಲ್ಲಿ ಹಳೆಯ ಲೆಕ್ಕದಂತೆ ಎಲ್.ಕೆ.ಜಿ. ಸೇರಿದ್ದ ಮಕ್ಕಳು ಯು.ಕೆ.ಜಿ. ಮುಗಿಸಿದ್ದರು. ಕೆಲವೇ ತಿಂಗಳು ಕಡಿಮೆಯಿದ್ದ ಮಗು ಮತ್ತೆ ಅದೇ ತರಗತಿಯಲ್ಲಿ ಕೂರಬೇಕೇ ಎಂದು ಪಾಲಕರು ಕಂಗಾಲಾದರು. ಕೊನೆಗೆ 2025-26ರ ಸಾಲಿಗೆ ಮಿತಿಯನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತು. ಇದರಿಂದ ಕಲಿಯಬೇಕಾದ ಪಾಠವೆಂದರೆ, ಎಲ್.ಕೆ.ಜಿ. ಸೇರಿಸುವಾಗಲೇ ಎರಡು ವರ್ಷ ಮುಂದಿನ ಲೆಕ್ಕ ಹಾಕಬೇಕು. ಜೂನ್ 1ಕ್ಕೆ 4 ತುಂಬಿದ ಮಗುವಿಗೆ ತೊಡಕಿಲ್ಲ. ತುಂಬಿರದಿದ್ದರೆ, ‘1ನೇ ತರಗತಿಗೆ ಬರುವಾಗ ಏನು ಮಾಡುತ್ತೀರಿ?’ ಎಂದು ಕಚೇರಿಯಲ್ಲಿ ಕೇಳಲು ಸಂಕೋಚಪಡಬಾರದು. ಅದು ಮಗುವಿನ ಒಂದು ಇಡೀ ವರ್ಷದ ಪ್ರಶ್ನೆ.

ಎರಡನೆಯದು ಮಾನ್ಯತೆ. ಶಿಕ್ಷಣ ಹಕ್ಕು ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಮಾನ್ಯತೆಯಿಲ್ಲದೆ ಖಾಸಗಿ ಶಾಲೆ ನಡೆಸುವಂತಿಲ್ಲ. ಬೋರ್ಡಿನಲ್ಲಿ ಏನು ಬರೆದಿದೆ ಎಂಬುದು ಸಾಲದು. ಮಾನ್ಯತೆ ಯಾವ ತರಗತಿಯವರೆಗೆ, ಯಾವ ಪಠ್ಯಕ್ರಮಕ್ಕೆ ಎಂದು ಕೇಳಬೇಕು. ಮಗು ಸಿ.ಬಿ.ಎಸ್.ಇ. ಶಾಲೆಯಲ್ಲಿದೆ ಎಂದೇ ನಂಬಿದ್ದ ಬೆಂಗಳೂರಿನ ಕೆಲವು ಪಾಲಕರಿಗೆ, ಆ ಶಾಲೆಗೆ ಸಿ.ಬಿ.ಎಸ್.ಇ. ಸಂಯೋಜನೆಯೇ ಇಲ್ಲವೆಂದು ತಿಳಿದದ್ದು 2023ರಲ್ಲಿ, ಮಕ್ಕಳು ರಾಜ್ಯ ಪಠ್ಯಕ್ರಮದ ಪರೀಕ್ಷೆ ಬರೆಯಬೇಕೆಂದಾಗ. ಪ್ರತಿ ಶಾಲೆಗೂ 11 ಅಂಕಿಗಳ ಯು-ಡೈಸ್ ಸಂಖ್ಯೆ ಇರುತ್ತದೆ. ಕರ್ನಾಟಕದ್ದು 29ರಿಂದ ಆರಂಭ. ಅದನ್ನು ಬರೆದುಕೊಂಡು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು.

ಮೂರನೆಯದು ಹಣ. ಬೋಧನಾ ಶುಲ್ಕದ ಜೊತೆಗೆ ಬಸ್ಸು, ಸಮವಸ್ತ್ರ, ಪುಸ್ತಕ ಸೇರಿ ವರ್ಷಕ್ಕೆ ಒಟ್ಟು ಎಷ್ಟು, ಸೀಟು ಬಿಟ್ಟರೆ ಎಷ್ಟು ಹಿಂದಿರುಗಿಸುತ್ತಾರೆ ಎಂಬ ವಿವರ ಬರಹದಲ್ಲಿ ಬೇಕು. ಪ್ರಕಟಿಸಿದ ಶುಲ್ಕದ ಹೊರತಾಗಿ ಕೇಳುವ ಹಣಕ್ಕೆ ಯಾವ ಹೆಸರಿಟ್ಟರೂ ಕಾನೂನಿನ ಕಣ್ಣಿನಲ್ಲಿ ಅದು ಕ್ಯಾಪಿಟೇಷನ್. ಹಾಗೆ ಪಡೆದ ಶಾಲೆಗೆ ಪಡೆದ ಮೊತ್ತದ 10 ಪಟ್ಟಿನವರೆಗೆ ದಂಡ ವಿಧಿಸಲು 13ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಪ್ರವೇಶಕ್ಕಾಗಿ ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷೆಗೆ ಒಡ್ಡುವುದೂ ಅದೇ ಸೆಕ್ಷನ್ ಅಡಿ ನಿಷಿದ್ಧ. ಮೊದಲ ತಪ್ಪಿಗೆ 25,000 ರೂಪಾಯಿ, ಆಮೇಲಿನ ಪ್ರತಿ ತಪ್ಪಿಗೆ 50,000 ರೂಪಾಯಿವರೆಗೆ ದಂಡ. ಈ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಇದು ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪು ನೀಡಿತು. ಕ್ಯಾಪಿಟೇಷನ್ ತಡೆಯಲು ರಾಜ್ಯದ್ದೇ ಆದ 1984ರ ಕಾಯ್ದೆಯೂ ಇದೆ.

ಇಲ್ಲಿಯೇ ವಶೀಲಿಯ ಅಪಾಯವೂ ಇದೆ. ‘ಹೇಗಾದರೂ ಒಂದು ಸೀಟು ಕೊಡಿ’ ಎಂದು ಅಂಗಲಾಚಿದ ಪಾಲಕರು, ಆಮೇಲೆ ರಸೀದಿಯಿಲ್ಲದ ಹಣ ಕೇಳಿದಾಗ ‘ಆಗದು’ ಎನ್ನುವ ಧೈರ್ಯವನ್ನು ಆಗಲೇ ಕಳೆದುಕೊಂಡಿರುತ್ತಾರೆ. ವಿಚಾರಿಸಲು ಹೋದವರಿಗೆ ಆ ಹಂಗಿಲ್ಲ. ಸಮಾಧಾನವಾದರೆ ಸೇರಿಸುತ್ತಾರೆ, ಇಲ್ಲದಿದ್ದರೆ ನಮಸ್ಕಾರ ಹೇಳಿ ಹೊರಡುತ್ತಾರೆ.

ಕೇಳುವ ಕ್ರಮವೂ ಮುಖ್ಯ. ಶಾಲೆ ಕೊಟ್ಟ ಮಾಹಿತಿ ಪುಸ್ತಿಕೆಯನ್ನು ಮೊದಲು ಪೂರ್ತಿ ಓದಬೇಕು. ಅದರಲ್ಲಿ ಇಲ್ಲದ್ದನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದುಕೊಂಡು, ಕಚೇರಿಯ ಸಮಯ ನೋಡಿ ಒಮ್ಮೆ ಹೋಗಬೇಕು. ಉತ್ತರ ಕೊಟ್ಟವರು ಯಾರು, ಯಾವ ದಿನ ಎಂಬುದನ್ನು ಅಲ್ಲೇ ಗುರುತು ಮಾಡಿಕೊಳ್ಳಬೇಕು. ವಿಳಾಸವೋ ಫೋನ್ ನಂಬರೋ ಬದಲಾದರೆ ಕಚೇರಿಗೆ ತಪ್ಪದೆ ತಿಳಿಸಬೇಕು. 8ನೇ ತರಗತಿಗೋ ಪಿ.ಯು.ಸಿ.ಗೋ ಸೇರುವ ವಿದ್ಯಾರ್ಥಿ ತಾನೇ ಮುಂದೆ ನಿಂತು ಪ್ರಯೋಗಾಲಯ ಹೇಗಿದೆ, ಎರಡನೆಯ ಭಾಷೆ ಯಾವುದು, ತನಗೆ ಬೇಕಾದ ವಿಷಯಗಳ ಸಂಯೋಜನೆ ಇದೆಯೇ ಎಂದು ಕೇಳಲಿ. ಅಲ್ಲಿ ಓದಬೇಕಾದವರು ಅವರೇ.

ನೇರ ಪ್ರಶ್ನೆಗೆ ನೇರ ಉತ್ತರ ಬಂದರೆ ಆ ಶಾಲೆಯ ಬಗ್ಗೆ ಅರ್ಧ ತಿಳಿದಂತೆ. ‘ಅದೆಲ್ಲ ಆಮೇಲೆ ನೋಡೋಣ, ಮೊದಲು ಹಣ ಕಟ್ಟಿ’ ಎಂದರೂ ಅರ್ಧ ತಿಳಿದಂತೆಯೇ. ಉತ್ತರಕ್ಕೆ ಕಾಯುವ ದಿನಗಳಲ್ಲಿ ಇನ್ನೊಂದು ಶಾಲೆಯನ್ನೂ, ಮನೆಯ ಹತ್ತಿರದ ಸರ್ಕಾರಿ ಶಾಲೆಯನ್ನೂ ಒಮ್ಮೆ ಹೋಗಿ ನೋಡಿ ಬರುವುದು ಒಳ್ಳೆಯದು. ಬೇರೆ ದಾರಿಯಿದೆ ಎಂದು ಗೊತ್ತಿದ್ದವರು ಕಚೇರಿಯ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗುವುದಿಲ್ಲ.